ನಕ್ಷತ್ರದ ಬೆಳಕನ್ನು ಬಿಡಿಸಿ ಓದುವುದು ಹೇಗೆ?

ಸಾರು ಉಕ್ಕಿ ಗ್ಯಾಸ್ ಒಲೆಗೆ ಚೆಲ್ಲಿದಾಗ ನೀಲಿ ಉರಿ ತಟ್ಟನೆ ಹಳದಿಯಾಗುವುದನ್ನು ನೋಡಿದ್ದೀರಲ್ಲ? ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನದು. ನಕ್ಷತ್ರದಲ್ಲಿ ಏನಿದೆ ಎಂದು ಖಗೋಳ ವಿಜ್ಞಾನಿಗಳು ಪತ್ತೆಹಚ್ಚುವುದೂ ಇಂಥದೇ ಸುಳಿವು ಹಿಡಿದು. ಅಲ್ಲಿಗೆ ಹೋಗಿ ಚಿಟಿಕೆ ಪುಡಿ ತರಲಾಗದು. ಬೆಳಕು ತಾನೇ ಇಲ್ಲಿಗೆ ಬರುತ್ತದೆ, ಅದನ್ನು ಬಣ್ಣಬಣ್ಣವಾಗಿ ಬಿಡಿಸಿದರಾಯಿತು. ಬಿಡಿಸುವ ಉಪಕರಣವೇ ರೋಹಿತದರ್ಶಕ.

ಮನೆಯಲ್ಲೇ ಒಂದನ್ನು ಮಾಡೋಣ. ಶೂ ಡಬ್ಬಿಯ ಚಿಕ್ಕ ಬದಿಯಲ್ಲಿ ಅಡ್ಡಕ್ಕೆ ಕಿಂಡಿ ಕೊರೆದು, ಎರಡು ಬ್ಲೇಡುಗಳನ್ನು ಕೂದಲೆಳೆಯಷ್ಟು ಸಂದು ಬಿಟ್ಟು ಅಂಟಿಸಿ. ಎದುರು ತುದಿಯಲ್ಲಿ ಹಳೆಯ ಸಿಡಿಯ ತುಂಡನ್ನು, ಹೊಳೆಯುವ ಮುಖ ಸಂದಿನ ಕಡೆಗಿರುವಂತೆ, ಸುಮಾರು 60 ಡಿಗ್ರಿ ಓರೆಯಾಗಿ ಹಿಂದಕ್ಕೆ ವಾಲಿಸಿ ನಿಲ್ಲಿಸಿ. ಸಿಡಿಯಲ್ಲಿ ಮಿಲಿಮೀಟರಿಗೆ 625 ಸಾಲುಗಳಿವೆ, ಬೆಳಕನ್ನು ಬಿಡಿಸುವುದು ಅವೇ. ಸಾಲುಗಳು ಸಂದಿಗೆ ಸಮಾಂತರವಾಗಿರಲಿ. ಇದೊಂದು ತಪ್ಪಿದರೆ ಏನೂ ಸರಿಯಾಗಿ ಕಾಣದು. ಸಿಡಿಯ ನೇರ ಮೇಲೆ ಮುಚ್ಚಳದಲ್ಲಿ ನೋಡಲು ತೂತು ಮಾಡಿ, ಉಳಿದ ಸಂದುಗಳಿಗೆಲ್ಲ ಟೇಪ್ ಹಚ್ಚಿ.

ಈಗ ಎಲ್‌ಇಡಿ ಬಲ್ಬಿನತ್ತ ಹಿಡಿಯಿರಿ: ಉದ್ದಕ್ಕೂ ಹರಡಿದ ಬಣ್ಣದ ಪಟ್ಟಿ. ಸಿಎಫ್‌ಎಲ್ ಬಲ್ಬಿನಲ್ಲಿ ಬಿಡಿಬಿಡಿ ಗೆರೆಗಳು. ಆಮೇಲೆ ಹಗಲಿನ ಬಿಳಿ ಮೋಡದತ್ತ ತಿರುಗಿಸಿ. ಸೂರ್ಯನತ್ತ ಎಂದಿಗೂ ಬೇಡ, ಕಣ್ಣು ಹೋಗುತ್ತದೆ. ಸಂದು ಸಾಕಷ್ಟು ಕಿರಿದಾಗಿದ್ದರೆ ಬಣ್ಣಗಳ ನಡುವೆ ತೆಳ್ಳನೆಯ ಕಪ್ಪು ಗೆರೆಗಳು ಕಂಡಾವು. 1814ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಇಂಥ ಐನೂರಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿದ. ಸೂರ್ಯನ ಹೊರಪದರದ ಅನಿಲಗಳು ತಮಗೆ ಒಗ್ಗುವ ಬಣ್ಣವನ್ನಷ್ಟೇ ನುಂಗಿಕೊಂಡಿರುತ್ತವೆ. ಯಾವ ಗೆರೆ ಯಾವ ಧಾತುವಿನದು ಎಂಬುದು 1859ರಲ್ಲಿ ಕಿರ್ಚಾಫ್ ಮತ್ತು ಬುನ್ಸೆನ್ ಅವರಿಂದ ಬಗೆಹರಿಯಿತು.

ನನಗೆ ಎಲ್ಲಕ್ಕಿಂತ ಮೆಚ್ಚಿನದು ಹೀಲಿಯಂ ಕಥೆ. 1868ರ ಆಗಸ್ಟ್ 18ರ ಗ್ರಹಣವನ್ನು ಗುಂಟೂರಿನಲ್ಲಿ ಬೀಡುಬಿಟ್ಟಿದ್ದ ಫ್ರಾನ್ಸಿನ ಜಾನ್ಸೆನ್ ಸೇರಿ ಹಲವರು ರೋಹಿತದರ್ಶಕದಲ್ಲಿ ನೋಡಿದರು. ಸೂರ್ಯನಂಚಿನ ಜ್ವಾಲೆಗಳಲ್ಲಿ ಹಳದಿ ಗೆರೆಯೊಂದು ಇತ್ತು. ಸೋಡಿಯಂ ಇರಬೇಕೆಂದರೆ ಅದು ತುಸು ಪಕ್ಕಕ್ಕಿತ್ತು. ಅದು ಹೀಲಿಯಂ ಎಂಬ ಹೊಸ ಧಾತುವಿನ ಗೆರೆ. ಭೂಮಿಯ ಮೇಲೆ ಆ ಧಾತು ಕೈಗೆ ಸಿಕ್ಕಿದ್ದು 1895ರಲ್ಲಿ!

ಬಣ್ಣ ಶಾಖವನ್ನೂ ಹೇಳುತ್ತದೆ. ಮಳೆ ನಕ್ಷತ್ರಗಳಲ್ಲೇ ನೋಡಿ: ಕೆಂಪಗಿನ ಆರಿದ್ರಾ ಸುಮಾರು 3,500 ಕೆಲ್ವಿನ್, ನೀಲಿ ಛಾಯೆಯ ಚಿತ್ತಾ 20,000ಕ್ಕೂ ಮೇಲೆ.

ಇನ್ನು ವೇಗ. ಕಾಯ ನಮ್ಮತ್ತ ಬರುತ್ತಿದ್ದರೆ ಗೆರೆಗಳೆಲ್ಲ ನೀಲಿಯ ಕಡೆಗೆ, ದೂರ ಸರಿಯುತ್ತಿದ್ದರೆ ಕೆಂಪಿನ ಕಡೆಗೆ ಜರುಗುತ್ತವೆ. 1912ರಲ್ಲಿ ಅಮೆರಿಕದ ಸ್ಲೈಫರ್ ಆಂಡ್ರೊಮಿಡಾ ಗ್ಯಾಲಕ್ಸಿಯ ಬೆಳಕನ್ನು ಅಳೆದು, ಅದು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ ಎಂದು ಕಂಡುಕೊಂಡರು. ಅಷ್ಟು ವೇಗಕ್ಕೆ ಗೆರೆ ಜರುಗುವುದು ಎಷ್ಟು ಗೊತ್ತೇ? ನಿಮ್ಮ ಒಲೆಯ ಉರಿಯಲ್ಲಿ ಸೋಡಿಯಂನ ಹಳದಿ ನಿಜವಾಗಿ ಅಕ್ಕಪಕ್ಕದ ಎರಡು ಗೆರೆ. ಹೆಚ್ಚುಕಡಿಮೆ ಆ ಎರಡರ ನಡುವಿನ ಅಂತರದಷ್ಟು.