ಬಿಸಿ ಬ್ಯಾರಲ್, ಮಲೆನಾಡಿನ ಮಳೆ

ಕೋವಿಯ ಬ್ಯಾರಲ್ ಸವೆದಿದೆಯೇ ಎಂದು ನೋಡಲು ಹೆಚ್ಚಿನವರು ಮೂತಿಯ ಕಡೆಯಿಂದ ಬೆಳಕು ಬಿಡುತ್ತಾರೆ. ಬಿಸಿಯ ಸವೆತ ಶುರುವಾಗುವುದು ಇನ್ನೊಂದು ತುದಿಯಲ್ಲಿ, ತೋಟೆ ಕೂರುವ ಚೇಂಬರ್ ಮುಗಿದು ರೈಫ್ಲಿಂಗ್, ಅಂದರೆ ಒಳಮೈಯ ಸುರುಳಿ ಗೀರು, ಆರಂಭವಾಗುವ ಗಂಟಲಲ್ಲಿ. ಬೋಲ್ಟ್ ತೆಗೆದು, ತೋಟೆ ಇಲ್ಲವೆಂದು ಬೆರಳಿಟ್ಟು ಖಾತ್ರಿ ಮಾಡಿಕೊಂಡು, ಹಿಂದಿನಿಂದಲೇ ಒಳಗೆ ನೋಡುವ ಬೋರ್‌ಸ್ಕೋಪ್ ತೂರಿಸುತ್ತೇನೆ. ಸಾಕಷ್ಟು ಈಡು ಕಂಡ, ದೊಡ್ಡ ತೋಟೆಯ .30-06 ರೈಫಲಿನಲ್ಲಿ ಅಲ್ಲಿನ ಉಕ್ಕು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿರುತ್ತದೆ.

ಮದ್ದಿನ ಅನಿಲದ ಬಿಸಿ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉಕ್ಕು ಕರಗುವುದು ಸುಮಾರು 1,500ಕ್ಕೆ. ತಗಲುವುದು ಕ್ಷಣಮಾತ್ರವಾದ್ದರಿಂದ ಬ್ಯಾರಲ್ ಉಳಿಯುತ್ತದೆ, ಆದರೆ ಒಳಮೈಯ ತೆಳು ಪದರ ಗಡುಸಾಗಿ ಬಿರಿಯುತ್ತದೆ, ಮುಂದಿನ ಈಡಿನ ಅನಿಲ ಆ ಬಿರುಕಿನ ಅಂಚನ್ನು ಕೆರೆಯುತ್ತದೆ. ಬ್ಯಾರಲ್ ಮೊದಲೇ ಕಾದಿದ್ದರೆ ಪ್ರತಿ ಈಡಿನ ಬಿಸಿಯೂ ಅದರ ಮೇಲೆಯೇ ಕೂರುತ್ತದೆ. .22ರ ಸಣ್ಣ ತೋಟೆಯಲ್ಲಿ ಮದ್ದು 0.1 ಗ್ರಾಂ ಆಸುಪಾಸು, .30-06ರಲ್ಲಿ 3 ಗ್ರಾಂ. ಹಾಗಾಗಿ .22ರವರು ಈ ಚಿಂತೆ ಬಿಟ್ಟು ಚೇಂಬರ್ ಮುಂದಿನ ಮಸಿಯ ಉಂಗುರ ತೆಗೆದರೆ ಸಾಕು.

ದೊಡ್ಡ ತೋಟೆಯಲ್ಲಿ ಐದು ಈಡಾದ ಮೇಲೆ ಬ್ಯಾರಲ್ ಮೇಲೆ ಅಂಗೈ ಇಡುತ್ತೇನೆ. ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಬೋಲ್ಟ್ ತೆರೆದು ನೆರಳಲ್ಲಿ ಇಡುವುದು. ನೀರು ಹುಯ್ಯುವಂತಿಲ್ಲ. ಕಾದ ಚೇಂಬರಿನಲ್ಲಿ ತೋಟೆ ಬಿಟ್ಟು ಹರಟೆಗೆ ನಿಂತರೆ ಮದ್ದು ಬಿಸಿಯಾಗಿ ಒತ್ತಡ ಏರುತ್ತದೆ, ಗುರಿಯೂ ಜರುಗುತ್ತದೆ.

ಗ್ರೂಪ್, ಅಂದರೆ ಗುರಿಹಲಗೆಯಲ್ಲಿ ಗುಂಡು ಬಿದ್ದ ತೂತುಗಳ ಗುಂಪು, ಹರಡಿತೆಂದು ತಕ್ಷಣ ಬ್ಯಾರಲನ್ನು ಬೈಯಬೇಡಿ. ಮೂಡಿಗೆರೆ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋವಿಯ ಮರ ತೇವ ಕುಡಿದು ಉಬ್ಬುತ್ತದೆ. ಮರಕ್ಕೆ ತಾಗದೆ ತೇಲಿ ನಿಲ್ಲಬೇಕಾದ ಬ್ಯಾರಲ್ ಅಡಿಯಲ್ಲಿ ಒಂದು ನೋಟು ಮಡಿಸದೆ ಎಳೆದು ನೋಡಿ. ಸಿಕ್ಕಿಕೊಂಡ ಕಡೆ ಮರ ತಾಗುತ್ತಿದೆ. ಆಮೇಲೆ ಸ್ಕ್ರೂ ಸಡಿಲವೇ ನೋಡಿ, ಆಮೇಲೆ ಗುಂಡು ಬ್ಯಾರಲ್ ಒಳಗೆ ಬಿಟ್ಟ ತಾಮ್ರ.

ತಾಮ್ರಕ್ಕೆ ಅಮೋನಿಯಾ ದ್ರಾವಣ, ಹತ್ತು ನಿಮಿಷ ಮೀರದಂತೆ. ನೈಲಾನ್ ಬ್ರಷ್ಷೇ ಬೇಕು; ಕಂಚಿನದಾದರೆ ಅದೇ ಕರಗಿ ಬಟ್ಟೆ ನೀಲಿಯಾಗಿ, ತಾಮ್ರ ಇನ್ನೂ ಇದೆಯೆಂದು ನಮ್ಮನ್ನು ಮೋಸ ಮಾಡುತ್ತದೆ. ಬ್ರಷ್ಷಿನ ಸಲಾಕೆ ಹಿಂದಿನಿಂದ ಮುಂದಕ್ಕೆ, ಅದನ್ನು ನೇರ ಹಿಡಿಯುವ ಗೈಡ್ ಹಾಕಿ. ಮೂತಿಯಿಂದ ತುರುಕಿ ಅಂಚು ಸವೆಸಿದ ಕೋವಿಗಳೇ ಬಿಸಿಗೆ ಹಾಳಾದವಕ್ಕಿಂತ ಹೆಚ್ಚು ಕಂಡಿದ್ದೇನೆ. ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಕ್ಯಾನ್ವಾಸ್ ಚೀಲದಿಂದ ಹೊರಗೆ, ಬೀಗದ ಬೀರುವಿನಲ್ಲಿ ಇಡುತ್ತೇನೆ. ಚೀಲದಲ್ಲಿ ಬಿಟ್ಟರೆ ಆಷಾಢದ ಒಂದು ವಾರ ಸಾಕು, ತುಕ್ಕು ಕೂರುತ್ತದೆ. ರೇಂಜಿಗೆ ಹೋದಾಗ ಮೊದಲ ಈಡಿಗೆ ಮುನ್ನ ಹಳೆ ಪಂಚೆಯ ಒಣ ತುಂಡು ಎರಡು ಸಲ ಎಳೆದು ಆ ಎಣ್ಣೆ ತೆಗೆಯುತ್ತೇನೆ, ಚೇಂಬರನ್ನೂ ಬಿಡದೆ.