ಡಿ ಮಾತ್ರೆಯಿಂದ ಹೊಟ್ಟೆ ಸರಿಹೋಗುತ್ತಾ? ನೋಡುವ ಬಗೆ

ನನಗೆ ಐಬಿಎಸ್ ಇದೆ, ಅಂದರೆ ಆಗಾಗ ಹೊಟ್ಟೆನೋವು, ಭೇದಿ ಇಲ್ಲವೇ ಮಲಬದ್ಧತೆ ಕಾಡುವ ಕರುಳಿನ ತೊಂದರೆ. ಶಿವಮೊಗ್ಗದಿಂದ ಬೆಂಗಳೂರಿಗೆ ಬಸ್ ಹತ್ತಿದರೆ ದಾರಿಯ ಊರುಗಳಿಗಿಂತ ಅಲ್ಲಿನ ಶೌಚಾಲಯಗಳೇ ನನಗೆ ಚೆನ್ನಾಗಿ ಗೊತ್ತು. ಅಂಥವಳಿಗೆ ತಂಗಿ ಮಗ ವಾಟ್ಸಾಪ್ ಕಳಿಸಿದ: ‘ದೊಡ್ಡಮ್ಮ, ವಿಟಮಿನ್ ಡಿ ತಗೊಳ್ಳಿ, ಸಂಶೋಧನೆ ಆಗಿದೆ.’ ಮೂವತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವಳು ನಾನು. ಓಚರ್ ನೋಡದೆ ಸಹಿ ಹಾಕುವುದಿಲ್ಲ.

ಮೊದಲು ‘ಕಡಿಮೆ ಇದೆ’ ಅನ್ನುವುದನ್ನೂ ‘ಅದರಿಂದಲೇ ಕಾಯಿಲೆ’ ಅನ್ನುವುದನ್ನೂ ಬೇರೆ ಮಾಡಿ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2015ರಲ್ಲಿ 51 ಐಬಿಎಸ್ ರೋಗಿಗಳನ್ನು ನೋಡಿದಾಗ ಶೇ. 82 ಜನರಲ್ಲಿ ಡಿ ಸಾಲದಾಗಿತ್ತು. ಸರಿ. ಆದರೆ ಹೊಟ್ಟೆಗೆ ಹೆದರಿ ಮನೆಯಲ್ಲೇ ಕೂರುವವರಿಗೆ ಡಿ ಕೊಡುವ ಬಿಸಿಲೆಲ್ಲಿ ಸಿಗಬೇಕು?

ಆಮೇಲೆ, ಪ್ರಯೋಗದಲ್ಲಿ ಸುಳ್ಳು ಮಾತ್ರೆ, ಅಂದರೆ ನೋಡಲು ಹಾಗೇ ಇದ್ದು ಒಳಗೆ ಔಷಧಿಯೇ ಇಲ್ಲದ ಮಾತ್ರೆ, ನುಂಗಿದ ಗುಂಪು ಇತ್ತಾ ನೋಡಿ. ಇದು ಬಹಳ ಮುಖ್ಯ. ನಾನು ದಿನಾ ರಾತ್ರಿ ನೋಟ್‌ಬುಕ್ಕಿನಲ್ಲಿ ಹೊಟ್ಟೆಗೆ ಹತ್ತಕ್ಕೆ ಇಷ್ಟು ಅಂತ ಅಂಕ ಬರೆಯುತ್ತೇನೆ. ಏನೂ ತಗೊಳ್ಳದಿದ್ದರೂ ಎರಡು ವಾರ ಕೆಟ್ಟು, ಮೂರನೇ ವಾರ ತಾನೇ ಸುಮ್ಮನಾಗುತ್ತದೆ. ನಾವು ಮಾತ್ರೆ ಕೊಳ್ಳುವುದು ತೀರಾ ಕೆಟ್ಟ ದಿನವೇ ಅಲ್ವಾ? ಹಾಗಾಗಿ ಹೆಸರು ಮಾತ್ರೆಗೆ ಹೋಗುತ್ತದೆ. ಐಬಿಎಸ್ ಪ್ರಯೋಗಗಳಲ್ಲಿ ಸುಳ್ಳು ಮಾತ್ರೆ ನುಂಗಿದವರಲ್ಲೂ ಹೆಚ್ಚುಕಡಿಮೆ ಶೇ. 40 ಜನ ‘ಪರವಾಗಿಲ್ಲ’ ಅನ್ನುತ್ತಾರೆ.

ಒಂದೇ ಪ್ರಯೋಗ ಓದಿ ನಿಲ್ಲಿಸಬೇಡಿ. ಇರಾನಿನಲ್ಲಿ 2016ರಲ್ಲಿ 90 ಜನರ ಮೇಲೆ ನಡೆದದ್ದರಲ್ಲಿ, ಎರಡು ವಾರಕ್ಕೊಮ್ಮೆ 50,000 ಯೂನಿಟ್‌ನಂತೆ ಆರು ತಿಂಗಳು ಕೊಟ್ಟಾಗ ಗುಣ ಕಂಡಿತು. ಅದೇ ಶೆಫೀಲ್ಡ್ ತಂಡ 135 ಜನರಿಗೆ 12 ವಾರ, ದಿನಕ್ಕೆ 3,000 ಯೂನಿಟ್ ಅಥವಾ ಸುಳ್ಳು ಔಷಧಿ ಕೊಟ್ಟು 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಡಿ ತಗೊಂಡವರ ರಕ್ತದಲ್ಲಿ ಡಿ ಏರಿತು, ಹೊಟ್ಟೆಯಲ್ಲಿ ವ್ಯತ್ಯಾಸವಿಲ್ಲ. ಪ್ರಮಾಣ, ಅವಧಿ, ಜನ ಎಲ್ಲ ಬೇರೆ ಬೇರೆ. ಪಕ್ಕಪಕ್ಕ ಇಟ್ಟು ಓದಿ.

‘ಗುಣವಾಯಿತು’ ಅಂದರೆ ಎಷ್ಟು ಅಂತಲೂ ಕೇಳಿ. ಐಬಿಎಸ್ ತೀವ್ರತೆಗೆ 500ರವರೆಗೆ ಅಂಕ ಕೊಡುವ ಒಂದು ಅಳತೆ ಇದೆ. ಅದರಲ್ಲಿ 50 ಇಳಿದರೆ ರೋಗಿಗೆ ಗೊತ್ತಾಗುವಷ್ಟು ಗುಣ ಅಂತ ಲೆಕ್ಕ.

ಸುಮ್ನೆ ನುಂಗಿದರೆ ನಷ್ಟವೇನು ಅನ್ನಬೇಡಿ. ಡಿ ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ ಬರಬಹುದು. ನಮ್ಮಂಥವರು ಅದನ್ನೂ ಐಬಿಎಸ್ ಲೆಕ್ಕಕ್ಕೇ ಬರೆದುಕೊಳ್ಳುತ್ತೇವೆ!

ನಾನು ರಕ್ತ ಪರೀಕ್ಷೆ ಮಾಡಿಸಿದೆ. 14 ಬಂತು, ಕಡಿಮೆಯೇ. ಡಾಕ್ಟರು ಮೂಳೆಗೆ ಬೇಕು ಅಂತ ವಾರಕ್ಕೊಂದು 60,000 ಯೂನಿಟ್, ಎಂಟು ವಾರಕ್ಕೆ ಬರೆದರು. ಈಗ 34 ಆಗಿದೆ. ಹೊಟ್ಟೆ ಮಾತ್ರ ಇವತ್ತಿಗೂ ಕಡೂರಿನಲ್ಲಿ ಬಸ್ ಇಳಿಸುತ್ತದೆ.