ಸಲೀನಾಸ್‌ನಿಂದ ಎಳೆದ ಗೆರೆ

ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಟ್ರಕ್ಕಿಗೆ ಲೆಟ್ಯೂಸ್ ಸೊಪ್ಪು ತುಂಬಿಸುವುದೆಂದರೆ ಅರ್ಧಕ್ಕರ್ಧ ಕಾಯುವ ಕೆಲಸ. ಹೊಲದಿಂದ ಬಂದ ಪೆಟ್ಟಿಗೆಗಳು ಕೂಲರ್ ಎಂಬ ಶೀತಲ ಗೋದಾಮಿನಲ್ಲಿ ತಣ್ಣಗಾಗಬೇಕು, ನಮ್ಮ ಸರದಿ ಬರಬೇಕು. ಅದು ಮುಗಿದರೆ ಬ್ರಾಕೊಲಿಗೆ ಇನ್ನೊಂದು ಕೂಲರ್, ಸೆಲರಿಗೆ ಮತ್ತೊಂದು. ಬೆಳಗ್ಗೆ ಏಳಕ್ಕೆ ಹೋದವನು ಟ್ರೇಲರ್ ಬಾಗಿಲು ಹಾಕುವಾಗ ಸಂಜೆ ನಾಲ್ಕು.

ಇಲ್ಲಿ ಟ್ರಕ್ ಚಾಲಕರಿಗೆ ಹತ್ತು ಗಂಟೆಯ ವಿಶ್ರಾಂತಿಯ ನಂತರ ಕೆಲಸ ಶುರುವಾದರೆ 14 ಗಂಟೆಯ ಅವಧಿ; ಅದರೊಳಗೆ ಓಡಿಸಬಹುದಾದದ್ದು 11 ಗಂಟೆ. ಕೂಲರ್ ಮುಂದೆ ಕಾದು ಕುಳಿತದ್ದೂ ಆ ಹದಿನಾಲ್ಕರ ಲೆಕ್ಕಕ್ಕೆ ಹೋಗುತ್ತದೆ. ಮೊದಲ ವರ್ಷವಿಡೀ ನಾನು ಹೀಗೆ ಒಂಬತ್ತು ಗಂಟೆ ಕಳೆದುಕೊಂಡು, ಉಳಿದ ಐದರಲ್ಲಿ ಬೇಕರ್ಸ್‌ಫೀಲ್ಡ್ ಮುಟ್ಟಿ ಗಾಡಿ ನಿಲ್ಲಿಸುತ್ತಿದ್ದೆ. ಒಂದು ಸಂಜೆ ಪಕ್ಕದ ಗಾಡಿಯ ಪಂಜಾಬಿ ಹಿರಿಯರು, ನಾವೆಲ್ಲ ಪಾಜಿ ಎನ್ನುವವರು, ನನ್ನ ಲಾಗ್, ಅಂದರೆ ಗಂಟೆಗಳ ದಾಖಲೆ, ನೋಡಿ ಕೇಳಿದರು: "ಸೊಪ್ಪು ಹೊರುವವನು ಇಲ್ಲಿಂದಲೇ ಯಾಕಪ್ಪಾ ಗಡಿಯಾರ ಓಡಿಸುತ್ತೀಯ?"

ಕೃಷಿ ವಿನಾಯಿತಿ ಎಂಬುದೊಂದಿದೆ ಎಂದು ತಿಳಿದದ್ದು ಆಗ. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಫಸಲನ್ನು ಅದರ ಮೂಲದಿಂದ 150 ಏರ್ ಮೈಲಿಯೊಳಗೆ ಸಾಗಿಸುವಾಗ ಈ ಗಂಟೆಗಳ ನಿಯಮ ಅನ್ವಯಿಸುವುದಿಲ್ಲ. ಆ ಕಾಲ ಯಾವುದೆಂದು ಆಯಾ ರಾಜ್ಯ ಹೇಳುತ್ತದೆ. ಅನೇಕ ರಾಜ್ಯಗಳು ಜನವರಿ 1ರಿಂದ ಡಿಸೆಂಬರ್ 31 ಎಂದೇ ಹೇಳಿ ಕೈತೊಳೆದುಕೊಂಡಿವೆ. ತುಂಬಿಸಲು ಖಾಲಿ ಗಾಡಿ ತರುವುದಕ್ಕೂ ಈ 150ರ ವೃತ್ತದೊಳಗೆ ಇದೇ ರಿಯಾಯಿತಿ. ವೃತ್ತ ದಾಟಿದ ಕ್ಷಣದಿಂದ ಲೆಕ್ಕ ಶುರು. ಒಳಗೆ ಕಳೆದ ಹೊತ್ತನ್ನು ಅದಕ್ಕೆ ಕೂಡಿಸುವಂತಿಲ್ಲ.

ಕೇಳಿದೊಡನೆ ಮಾಡಿದ ಮೊದಲ ತಪ್ಪು, ಓಡೋಮೀಟರ್ ನೋಡಿ 150 ಎಣಿಸಿದ್ದು. ಸಕಲೇಶಪುರದವನಾದ ನನಗೆ, ಘಟ್ಟದ ರಸ್ತೆಯ ದೂರ ಬೇರೆ, ನಕ್ಷೆಯ ಮೇಲೆ ದಾರ ಹಿಡಿದ ದೂರ ಬೇರೆ ಎಂಬುದು ಹೊಳೆಯಬೇಕಿತ್ತು. ಏರ್ ಮೈಲಿ ಎಂದರೆ ನೇರ ಗೆರೆ, ಅದೂ ಸಮುದ್ರಯಾನದ ಮೈಲಿ. 150 ಏರ್ ಮೈಲಿ ಎಂದರೆ ಸುಮಾರು 172 ಸಾಮಾನ್ಯ ಮೈಲಿ, ಅಂದರೆ 278 ಕಿಲೋಮೀಟರ್. ಸಲೀನಾಸ್‌ನಿಂದ ಎಳೆದರೆ ಗೆರೆ ಬೇಕರ್ಸ್‌ಫೀಲ್ಡ್ ಹತ್ತಿರ ಬೀಳುತ್ತದೆ. ಪಾಸೋ ರೋಬಲ್ಸ್ ಮೇಲಿನ ರಸ್ತೆಯಲ್ಲಿ ಅದು 200 ಮೈಲಿಗೂ ಹೆಚ್ಚು. ಅಷ್ಟು ದಾರಿಯನ್ನು ನಾನೇ ಕೈಯಾರೆ ಬಿಟ್ಟುಕೊಡುತ್ತಿದ್ದೆ. ಈಗ ಫೋನಿನ ನಕ್ಷೆಯಲ್ಲಿ ಅಳತೆ ಮಾಡಿಕೊಂಡು, ಗೆರೆಗೆ ಇನ್ನೂ ಇಪ್ಪತ್ತು ಮೈಲಿ ಇರುವಾಗಲೇ, ಬೇಕರ್ಸ್‌ಫೀಲ್ಡ್‌ಗೆ ಮೊದಲು ಸಿಗುವ ವಾಸ್ಕೋ ಎಂಬ ಊರಿನಲ್ಲಿ, ಲಾಗ್ ಯಂತ್ರಕ್ಕೆ ಲಾಗಿನ್ ಆಗುತ್ತೇನೆ. ಅಂಚಿನಲ್ಲಿ ನಿಂತು ವಾದ ಮಾಡುವ ಉತ್ಸಾಹ ನನಗಿಲ್ಲ. ನಾಲ್ಕು ಕಡೆ ತುಂಬಿಸಿದರೂ ವೃತ್ತದ ನಡುಬಿಂದು ಮೊದಲು ತುಂಬಿಸಿದ ಜಾಗವೇ. ಕೂಲರ್‌ನಿಂದ ಕೂಲರ್‌ಗೆ ಅದನ್ನು ಹೊತ್ತೊಯ್ಯುವ ಜಾಣರನ್ನು ನೋಡಿದ್ದೇನೆ.

ಎರಡನೆಯ ತಪ್ಪಿಗೆ ಬೆಲೆ ತೆತ್ತೆ. ಒಂದು ದಿನ ಬ್ರಾಕೊಲಿ ಎಂದರು, ಹೊತ್ತೆ. ತೂಕದ ನಿಲ್ದಾಣದಲ್ಲಿ ಅಧಿಕಾರಿ ಸರಕಿನ ಚೀಟಿ ಓದಿ, "ಇದು ಹೆಪ್ಪುಗಟ್ಟಿಸಿದ್ದು" ಎಂದರು. ತರಕಾರಿಯನ್ನು ತೊಳೆದು, ತಣಿಸಿ, ಹೆಚ್ಚಿ, ಚೀಲಕ್ಕೆ ಹಾಕಿದರೂ ಅದು ವಿನಾಯಿತಿಗೆ ಸಲ್ಲುವ ಸಂಸ್ಕರಿಸದ ಆಹಾರವೇ. ಫ್ರೀಜ್ ಮಾಡಿದರೆ, ಒಣಗಿಸಿದರೆ, ಡಬ್ಬಿಗೆ ತುಂಬಿದರೆ ಅಲ್ಲ. "ತರಕಾರಿ ತರಕಾರಿಯೇ" ಎಂದಿದ್ದ ಡಿಸ್ಪ್ಯಾಚರ್, ಅಂದರೆ ಲೋಡ್ ಹಂಚುವ ಕಂಪನಿಯವನು, ಆ ಹೊತ್ತಿಗೆ ಫೋನ್ ಎತ್ತಲಿಲ್ಲ. ಉಲ್ಲಂಘನೆ ನನ್ನ ಹೆಸರಿಗೆ ಬಂತು. ಅಂದಿನಿಂದ ಚೀಟಿ ಓದದೆ ಕೀಲಿ ತಿರುಗಿಸಿಲ್ಲ.

ಎಲೆಕ್ಟ್ರಾನಿಕ್ ಲಾಗ್ ಯಂತ್ರ ವಿನಾಯಿತಿಯನ್ನು ತಾನಾಗಿ ಅರಿಯುವುದಿಲ್ಲ. ವೃತ್ತದೊಳಗೆ ಲಾಗಿನ್ ಆಗದೆ ಓಡಿಸಿದರೆ ಅದು ಚಾಲಕ ಯಾರೆಂದು ತಿಳಿಯದ ಓಟವಾಗಿ ದಾಖಲಾಗುತ್ತದೆ. ಅದು ಕೃಷಿ ವಿನಾಯಿತಿಯ ಓಟವೆಂದು ಕಂಪನಿ ಆಮೇಲೆ ಟಿಪ್ಪಣಿ ಸೇರಿಸಬೇಕು. ತುಂಬಿಸಿದ ವಿಳಾಸ, ಹೊತ್ತು ಇರುವ ಚೀಟಿಯನ್ನು ನಾನು ಕೈಗೆಟುಕುವಲ್ಲೇ ಇಟ್ಟಿರುತ್ತೇನೆ. ದನ ಸಾಗಿಸುವ ಗೆಳೆಯನಿಗೆ 2021ರ ಕಾನೂನಿನಿಂದ ತಲುಪುವ ಊರಿನ ಸುತ್ತಲೂ ಇನ್ನೊಂದು 150 ಸಿಕ್ಕಿದೆ. ಸೊಪ್ಪಿಗೆ ಆ ಭಾಗ್ಯವಿಲ್ಲ.

ನನಗೆ ಭಯವಿರುವುದು ವಾಸ್ಕೋದಲ್ಲಿ. ಬೆಳಗಿನ ಐದಕ್ಕೆ ಎದ್ದು, ಹಗಲೆಲ್ಲ ಕಾದು, ರಾತ್ರಿ ಎಂಟಕ್ಕೆ ಅಲ್ಲಿ ಲಾಗಿನ್ ಆದರೆ ಯಂತ್ರ ಪೂರ್ತಿ ಹನ್ನೊಂದು ಗಂಟೆ ತೋರಿಸುತ್ತದೆ. ದಣಿದವನು ಓಡಿಸಬಾರದೆಂಬ ನಿಯಮಕ್ಕೆ ವಿನಾಯಿತಿ ಇಲ್ಲ ನಿಜ, ಆದರೆ ದಣಿವನ್ನು ಅಳೆಯುವ ಯಂತ್ರವೂ ಇಲ್ಲ. ಒಮ್ಮೆ ಹಾಗೆಯೇ ಮುಂದುವರಿದು, ಟೆಹಾಚಪಿ ಏರು ಹತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ನೋಟ್‌ಬುಕ್ ಬಂತು. ಅದರಲ್ಲಿ ಎದ್ದ ಹೊತ್ತನ್ನು ಮಾತ್ರ ಬರೆಯುತ್ತೇನೆ. ವಾಸ್ಕೋ ತಲುಪುವಾಗ ಎದ್ದು ಹದಿನಾಲ್ಕು ಗಂಟೆಯಾಗಿದ್ದರೆ ಅಲ್ಲೇ ಮಲಗುತ್ತೇನೆ. ಕಳೆದ ವಾರ ಆಲ್ಬುಕರ್ಕಿಯ ಲೋಡಿಗೆ ಹಾಗೆಯೇ ಮಾಡಿದೆ. ಡಿಸ್ಪ್ಯಾಚರ್ ಎರಡು ಬಾರಿ ಕರೆ ಮಾಡಿದ. ಮರುದಿನ ಸಂಜೆ ಫ್ಲ್ಯಾಗ್‌ಸ್ಟಾಫ್ ದಾಟಿ ವಿನ್ಸ್ಲೋದಲ್ಲಿದ್ದೆ; ಲೆಟ್ಯೂಸ್ ಹೊರಟಷ್ಟೇ ತಣ್ಣಗಿತ್ತು.